ಓಕೆಗೆ ಕಾಯದ ಪುಂಡಲೀಕ ಪ್ರಭು

ಪುರಾಣದ ಪುಂಡಲೀಕನ ಕತೆ ಎಲ್ಲರಿಗೂ ಗೊತ್ತು. ಅಪ್ಪ ಅಮ್ಮನ ಕಾಲು ಒತ್ತುತ್ತ ಕುಳಿತಿದ್ದಾಗ ಸಾಕ್ಷಾತ್ ಭಗವಂತನೇ ಬಾಗಿಲಿಗೆ ಬಂದ. ಪುಂಡಲೀಕ ಎದ್ದನೇ? ಇಲ್ಲ. ಕೈಗೆ ಸಿಕ್ಕ ಇಟ್ಟಿಗೆಯೊಂದನ್ನು ಹಿಂದಕ್ಕೆಸೆದು, ಇದರ ಮೇಲೆ ನಿಂತಿರು ಎಂದು ತಿಳಿಸಿ, ಒತ್ತುವ ಕೆಲಸ ಮುಂದುವರಿಸಿದ. ದೇವರು ಸೊಂಟದ ಮೇಲೆ ಕೈಯಿಟ್ಟು ಇವತ್ತಿಗೂ ನಿಂತೇ ಇದ್ದಾನೆ.

ನಮ್ಮ ಬ್ಯಾಂಕಿನ ಕಲ್ಕತ್ತಾ ಪ್ರಾದೇಶಿಕ ಕಚೇರಿಯಲ್ಲಿದ್ದ ಪುಂಡಲೀಕ ಪ್ರಭು ಆ ಪುಂಡಲೀಕನಿಗಿಂತ ಒಂದು ಕೈ ಮೇಲು. ಅವನು ಇಟ್ಟಿಗೆಯನ್ನೂ ಎಸೆಯುವವನಲ್ಲ. ಹೇಳಬೇಕಾದ್ದನ್ನು ನಡೆಯುತ್ತ ನಡೆಯುತ್ತಲೇ ಹೇಳುವನು, ಉತ್ತರಕ್ಕೆ ಕಾಯದೆ ಹೋಗಿಬಿಡುವನು. ಕೇಳಿದವರು ಬಾಯಿ ತೆರೆಯುವ ಹೊತ್ತಿಗೆ ಅವನ ಬೆನ್ನು ಮೆಟ್ಟಿಲಿನ ತಿರುವಿನಲ್ಲಿ ಮರೆಯಾಗಿರುತ್ತಿತ್ತು. ತನಿಖೆಯವರು ಕೆಳಗೆ ಟ್ಯಾಕ್ಸಿಯಿಂದ ಇಳಿದ ಸುದ್ದಿಯನ್ನು ಅವನು ರೀಜನಲ್ ಮ್ಯಾನೇಜರ್ ಪುರುಷೋತ್ತಮರಾಯರಿಗೆ ಮುಟ್ಟಿಸಿದ್ದು ಹಾಗೆ. ಮೀಟರ್ ಬಾಕ್ಸಿನಿಂದ ಸುಟ್ಟ ವಾಸನೆ ಬಂದ ದಿನ, ಕೆಳಗೆ ವಾಸನೆ ಉಂಟು, ಯಾರಾದರೂ ನೋಡಿ, ಎಂದು ಮೂರು ಮೇಜುಗಳ ನಡುವೆ ಹಾದು ಹೋದದ್ದೂ ಹಾಗೆಯೇ. ತನಗೆ ಹೆಣ್ಣು ಮಗು ಹುಟ್ಟಿತೆಂಬ ಸುದ್ದಿಯನ್ನು ಮೊದಲ ಮಹಡಿಯಲ್ಲಿ ಶುರು ಮಾಡಿ ಎರಡನೇ ಮಹಡಿಯಲ್ಲಿ ಮುಗಿಸಿದನಾದ್ದರಿಂದ, ಮಗು ಎಂಬುದು ಕೆಳಗಿನವರಿಗೂ ಹೆಣ್ಣು ಎಂಬುದು ಮೇಲಿನವರಿಗೂ ತಿಳಿಯಿತು. ಎರಡೂ ಮಹಡಿಯವರು ಸಂಜೆ ಸಂದೇಶ್ ಮಿಠಾಯಿ ತಿನ್ನುವಾಗ ಕೂಡಿಸಿಕೊಂಡರು.

ಈ ಚಾಳಿಯ ಸುತ್ತ ಒಂದು ದಂತಕತೆಯೇ ಬೆಳೆಯಿತು. ಪ್ರಭುಗಳು ಕರ್ಮಯೋಗಿ, ಫಲಾಪೇಕ್ಷೆಯಿಲ್ಲದೆ ಸುದ್ದಿ ಹೇಳುವವರು ಎಂದು ಒಬ್ಬರು. ಕಾಲದ ಬೆಲೆ ತಿಳಿದವರು ಎಂದು ಇನ್ನೊಬ್ಬರು. ಬೆಂಗಾಲಿ ಸಹೋದ್ಯೋಗಿಗಳಂತೂ ಅವನಿಗೆ ‘ನಾರದ್‌ದಾ’ ಅಂದರೆ ನಾರದಣ್ಣ ಎಂದು ಹೆಸರಿಟ್ಟು, ಅವನು ಹಾದು ಹೋಗುವಾಗ ಕುರ್ಚಿ ಹಿಂದಕ್ಕೆಳೆದು ದಾರಿ ಬಿಡುತ್ತಿದ್ದರು. ನನಗೆ ಮೂವತ್ತು ವರ್ಷದ ಸರ್ವೀಸಿನಲ್ಲಿ ಯಾರೂ ಕುರ್ಚಿ ಎಳೆದು ದಾರಿ ಬಿಟ್ಟದ್ದಿಲ್ಲ.

ಅದೆಷ್ಟು ದೊಡ್ಡ ಪವಾಡವಾಗಿ ಕಂಡಿತೆಂದು ತಿಳಿಯಬೇಕಾದರೆ ಆಗಿನ ಕಲ್ಕತ್ತಾ ಗೊತ್ತಿರಬೇಕು. ಎರಡು ಸಾವಿರದ ಎರಡನೇ ಇಸವಿ. ಕೆಂಪು ಬಾವುಟದ ಸರಕಾರ ಬಂದು ಇಪ್ಪತ್ತೈದು ವರ್ಷ ತುಂಬಿತ್ತು. ಆ ಊರಿನಲ್ಲಿ ಯಾರಿಗಾದರೂ ಏನಾದರೂ ತಿಳಿಸಬೇಕೆಂದರೆ ಮೊದಲು ಊರನ್ನು ನಿಲ್ಲಿಸಬೇಕಿತ್ತು. ಮೆರವಣಿಗೆಗೆ ಅಲ್ಲಿ ಮಿಛಿಲ್ ಎನ್ನುತ್ತಾರೆ. ಒಂದು ಮಿಛಿಲ್ ಹೊರಟರೆ ಬಸ್ಸು, ಟ್ರಾಮು, ಆಟೋ, ತಳ್ಳುಗಾಡಿಯ ಪಪ್ಪಾಯಿ, ಎಲ್ಲವೂ ಇದ್ದಲ್ಲೇ ನಿಂತು, ತಿಳಿಸುವವರು ತಿಳಿಸಿ ಮುಗಿಸುವ ತನಕ ಕಾಯುತ್ತಿದ್ದವು. ನಮ್ಮ ಕಚೇರಿಯ ಯೂನಿಯನ್ ಕಾರ್ಯದರ್ಶಿ ನಿರ್ಮಲೇಂದುಬಾಬು, ನಾಳೆ ಗೇಟ್ ಮೀಟಿಂಗ್ ಇದೆ ಎಂದು ತಿಳಿಸಲಿಕ್ಕೆ ಇವತ್ತೊಂದು ಗೇಟ್ ಮೀಟಿಂಗ್ ಕರೆಯುವವರು. ಬಹಳ ಒಳ್ಳೆಯ ಮನುಷ್ಯ. ಅಂಥ ಊರಿನಲ್ಲಿ ಏನನ್ನೂ ನಿಲ್ಲಿಸದೆ, ತಾನೂ ನಿಲ್ಲದೆ ಸುದ್ದಿ ಮುಟ್ಟಿಸುವವನೊಬ್ಬ ಹುಟ್ಟಿ ಬಂದರೆ ಜನ ದಂತಕತೆ ಕಟ್ಟದೆ ಬಿಡುತ್ತಾರೆಯೇ?

ನಾನು ಬಾಲಕೃಷ್ಣ. ಮೈಸೂರಿನವನು. ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕಿನಲ್ಲಿ ಘಟ್ಟದ ಮೇಲಿನವನಾಗಿ ಸೇರಿದ ತಪ್ಪಿಗೆ ಜೀವನವಿಡೀ ಕುಚ್ಚಲಕ್ಕಿ ಅನ್ನವನ್ನು ಹೊಗಳಬೇಕಾಗಿ ಬಂದವನು. ಪುಂಡಲೀಕ ಉಡುಪಿ ಬಳಿಯ ಕಲ್ಯಾಣಪುರದವನು, ನನಗಿಂತ ಸರ್ವೀಸಿನಲ್ಲಿ ಎರಡು ವರ್ಷ ಚಿಕ್ಕವನು. ಈ ಎರಡು ವರ್ಷವನ್ನು ನಾನು ಅವನಿಗೆ ಎಂದೂ ಮರೆಯಲು ಬಿಡಲಿಲ್ಲ. ಅವನು ಅದನ್ನು ಎಂದೂ ನೆನಪಿಟ್ಟುಕೊಂಡಿರಲಿಲ್ಲವೆಂಬುದು ಬೇರೆ ಮಾತು.

ನಮ್ಮ ಕಚೇರಿ ಗರಿಯಾಹಾಟ್ ಕೂಡುರಸ್ತೆಯ ಒಂದು ಸೀರೆ ಅಂಗಡಿಯ ಮೇಲಿತ್ತು. ಅದರ ಮೂಲೆಯಲ್ಲಿ ಗಾಜಿನ ಕೋಣೆ. ಒಳಗೆ ಇಡೀ ಪ್ರದೇಶದ ದೊಡ್ಡ ಕಂಪ್ಯೂಟರ್, ಎರಡು ಏರ್ ಕಂಡೀಷನರ್, ಒಂದು ತಿರುಗುವ ಕುರ್ಚಿ. ಹೊರಗೆ ಮನುಷ್ಯರು ಬೆವರಿ ಬೆಂದರೂ ಒಳಗೆ ಕಂಪ್ಯೂಟರಿಗೆ ಹಿಮಾಲಯದ ಹವೆ. ಧೂಳು ಹೋಗಬಾರದೆಂದು ಪಾದರಕ್ಷೆ ನಿಷೇಧ. ‘ಪಾದರಕ್ಷೆಗಳನ್ನು ಹೊರಗೆ ಬಿಡತಕ್ಕದ್ದು. ವಿನಾಯಿತಿ ಇಲ್ಲ’ ಎಂದು ಮೂರು ಭಾಷೆಗಳಲ್ಲಿ ಬರೆದು ಅಂಟಿಸಿದವನು ನಾನೇ. ಕೆಳಗೆ ಸಹಿ, ಹೆಸರು, ಹುದ್ದೆ, ತಾರೀಖು. ಬ್ಯಾಂಕಿನವರ ಕೈಯಿಂದ ಸಹಿಯಿಲ್ಲದ ಕಾಗದ ಹೊರಬೀಳುವುದಿಲ್ಲ. ನನ್ನ ಮಟ್ಟಿಗೆ ಅದು ರೋಗ. ಹಾಲಿನವನಿಗೆ ನಾಳೆ ಒಂದು ಲೀಟರ್ ಎಂದು ಬರೆದಿಡುವ ಚೀಟಿಯ ಕೆಳಗೂ ನಾನು ಸಹಿ ಹಾಕುತ್ತೇನೆಂದು ಹೆಂಡತಿ ಇಂದುಮತಿ ಊರಿಗೆಲ್ಲ ಹೇಳಿದ್ದಾಳೆ.

ಒಂದು ದಿನ ಪುಂಡಲೀಕ ಆ ನೋಟಿಸಿನ ಮುಂದೆ ಹಾಯುತ್ತ, ಒಳಗೆ ರಬ್ಬರ್ ಚಪ್ಪಲಿ ಆಗ್ತದಾ, ಎಂದು ಕೇಳಿದ. ನಾನು ವಿನಾಯಿತಿ ಇಲ್ಲವೆನ್ನುವ ಹೊತ್ತಿಗೆ ಟೈಪಿಸ್ಟುಗಳ ಕೋಣೆ ದಾಟಿದ್ದ. ನನ್ನ ನಿಯಮಕ್ಕೆ ತೂತು ಕೊರೆಯಲು ಬಂದಿದ್ದಾನೆಂದು ನನಗೆ ಖಾತ್ರಿಯಾಯಿತು. ‘ರಬ್ಬರ್ ಚಪ್ಪಲಿ ಸೇರಿ’ ಎಂಬ ಸಾಲನ್ನು ನೋಟಿಸಿಗೆ ಸೇರಿಸಿ, ಅದರ ಕೆಳಗೆ ಮತ್ತೊಂದು ಸಹಿ ಹಾಕಿದೆ.

ಆ ವರ್ಷ ಜುಲೈಯಲ್ಲಿ ಹೆಡ್ ಆಫೀಸಿನಿಂದ ಸುತ್ತೋಲೆ ಬಂತು. ಪ್ರತಿ ಪ್ರದೇಶಕ್ಕೂ ಒಬ್ಬ ಕಂಪ್ಯೂಟರ್ ಅಧಿಕಾರಿ. ಹೆಸರನ್ನು ದುರ್ಗಾಪೂಜೆಯ ರಜೆಯ ಮೊದಲು ರೀಜನಲ್ ಮ್ಯಾನೇಜರ್ ಶಿಫಾರಸು ಮಾಡಬೇಕು. ಗಾಜಿನ ಕೋಣೆಯ ತಿರುಗುವ ಕುರ್ಚಿ ಆ ಅಧಿಕಾರಿಯದು. ಅರ್ಹತೆಯಿದ್ದವರು ಇಬ್ಬರೇ, ನಾನು ಮತ್ತು ಪುಂಡಲೀಕ. ನನ್ನ ಬಳಿ ಮೂರು ತಿಂಗಳ ಕೋರ್ಸಿನ ಸರ್ಟಿಫಿಕೇಟು ಚೌಕಟ್ಟಿನಲ್ಲಿತ್ತು. ಅವನ ಬಳಿ ಒಂದು ಹರಿದ ಪುಸ್ತಕವಿತ್ತು, ಅದೂ ಫುಟ್‌ಪಾತಿನಲ್ಲಿ ಕೊಂಡದ್ದು. ಆ ಕುರ್ಚಿ ನನ್ನದೆಂದು ನಾನು ಆಗಲೇ ಅದರ ಎತ್ತರವನ್ನು ನನ್ನ ಮೊಣಕಾಲಿಗೆ ಹೊಂದಿಸಿಟ್ಟಿದ್ದೆ.

ನನ್ನ ಹಕ್ಕಿಗೆ ಇನ್ನೂ ದೊಡ್ಡ ಆಧಾರವೆಂದರೆ ನಾನು ಬರೆದ ಸ್ಕ್ರಿಪ್ಟ್. ಸ್ಕ್ರಿಪ್ಟ್ ಎಂದರೆ ಕಂಪ್ಯೂಟರ್ ಒಂದಾದ ಮೇಲೊಂದರಂತೆ ಮಾಡಬೇಕಾದ ಕೆಲಸಗಳನ್ನು ಬರೆದಿಟ್ಟ ಪಟ್ಟಿ. ನಮ್ಮ ಹನ್ನೆರಡು ಶಾಖೆಗಳ ಹೊಸ ಗ್ರಾಹಕರ ಸಹಿಗಳನ್ನು ಪ್ರತಿದಿನ ನಮ್ಮಲ್ಲಿ ಕಂಪ್ಯೂಟರಿಗೆ ಏರಿಸುತ್ತಿದ್ದೆವು. ಮರುದಿನ ಬೆಳಗ್ಗೆ ಕೌಂಟರ್ ತೆರೆಯುವ ಮೊದಲು ಅವು ಫೋನಿನ ತಂತಿಯ ಮೂಲಕ ಶಾಖೆಗಳ ಕಂಪ್ಯೂಟರುಗಳಿಗೆ ಹೋಗಬೇಕು. ಎಂಟೂವರೆಗೆ ಸ್ಕ್ರಿಪ್ಟ್ ತಾನಾಗಿ ಶುರುವಾಗುವುದು. ಮೊದಲು ಗರಿಯಾಹಾಟ್, ಕೊನೆಗೆ ಗಾರ್ಡನ್ ರೀಚ್. ಪ್ರತಿ ಶಾಖೆ ಮುಗಿದಾಗಲೂ ಪರದೆಯ ನಟ್ಟನಡುವೆ ಒಂದು ಪೆಟ್ಟಿಗೆ ಮೂಡುವುದು: ‘ಗರಿಯಾಹಾಟ್ ಶಾಖೆ ಮುಗಿದಿದೆ. ಮುಂದುವರಿಯಲು ದಯವಿಟ್ಟು ಓಕೆ ಒತ್ತಿ.’ ಕೆಳಗೆ ನನ್ನ ಹೆಸರು, ಹುದ್ದೆ. ಅದರ ಕೆಳಗೆ ಓಕೆ ಎಂಬ ಗುಂಡಿ.

ಯಾರಾದರೂ ಆ ಗುಂಡಿ ಒತ್ತುವ ತನಕ ಕಂಪ್ಯೂಟರ್ ಮುಂದಿನ ಶಾಖೆಗೆ ಹೋಗುವುದಿಲ್ಲ. ಕಾಯುತ್ತದೆ. ಗಂಟೆಯಾಗಲಿ, ವಾರವಾಗಲಿ, ಇಟ್ಟಿಗೆಯ ಮೇಲಿನ ವಿಠಲನಂತೆ ನಿಂತೇ ಇರುತ್ತದೆ. ಆ ಯಾರಾದರೂ ಎಂದರೆ ನಾನು. ಬೆಳಗಿನ ಒಂದು ಗಂಟೆ ಕಾಲ ದಕ್ಷಿಣ ಕಲ್ಕತ್ತಾದ ಹನ್ನೆರಡು ಶಾಖೆಗಳು, ಹನ್ನೆರಡು ಮ್ಯಾನೇಜರುಗಳು ನನ್ನ ತೋರುಬೆರಳಿನ ಮೇಲೆ ನಿಂತಿರುತ್ತಿದ್ದರು. ನನ್ನ ವಯಸ್ಸಿನವರಿಗೆ ಮನೆಯಲ್ಲಾಗಲಿ ರಸ್ತೆಯಲ್ಲಾಗಲಿ ಸಿಗುವ ಮರ್ಯಾದೆಯಲ್ಲ ಅದು. ಕೆಲವೊಮ್ಮೆ ಪೆಟ್ಟಿಗೆ ಮೂಡಿದ ಮೇಲೆ ನಾನು ಬೇಕೆಂದೇ ಚಹಾದ ಕುಡಿಕೆಯನ್ನು ನಿಧಾನವಾಗಿ ಮುಗಿಸಿ ಆಮೇಲೆ ಒತ್ತುತ್ತಿದ್ದೆ. ಹೊರಗಿನ ಮೇಜಿನಲ್ಲಿ ಕೂತ ಪುಂಡಲೀಕ ಶಾಖೆಗಳ ಫೋನು ಎತ್ತಿ, ಬರ್ತದೆ ಬರ್ತದೆ ಎನ್ನುತ್ತಿರುವುದು ಗಾಜಿನಾಚೆ ಕಾಣುತ್ತಿತ್ತು. ಶಬ್ದ ಕೇಳುತ್ತಿರಲಿಲ್ಲ. ಸುಖವಾಗಿತ್ತು.

ಆಗಸ್ಟಿನ ಒಂದು ಮಂಗಳವಾರ ಆ ಸುಖಕ್ಕೆ ಕಲ್ಲು ಬಿತ್ತು. ನನ್ನ ಬಾಡಿಗೆ ಮನೆ ಜೋಕಾದಲ್ಲಿ, ಊರಿನ ನೈಋತ್ಯದ ತುದಿ. ಅಲ್ಲಿಂದ ಹೊರಟ ನನ್ನ ಬಸ್ಸು ಬೇಹಾಲಾ ದಾಟಿ ಮಿಛಿಲ್‌ಗೆ ಸಿಕ್ಕಿಕೊಂಡಿತು. ಜನ ಯಾವುದೋ ವಿಷಯವನ್ನು ಊರಿಗೆ ತಿಳಿಸುತ್ತಿದ್ದರು. ಯಾವುದೆಂದು ನನಗೆ ಇವತ್ತಿಗೂ ಗೊತ್ತಿಲ್ಲ, ಆದರೆ ಅದನ್ನು ತಿಳಿದುಕೊಳ್ಳಲು ನಾನು ಮೂರು ಗಂಟೆ ನಿಂತೆ. ಗಾಜಿನ ಕೋಣೆಯಲ್ಲಿ ಗರಿಯಾಹಾಟ್ ಮುಗಿದಿದೆ ಎಂಬ ನನ್ನ ಪೆಟ್ಟಿಗೆಯೂ ನನ್ನ ಹಾಗೆಯೇ ನಿಂತಿತ್ತು. ಗಾರ್ಡನ್ ರೀಚ್ ಶಾಖೆಯಲ್ಲಿ ಹಡಗುಕಟ್ಟೆಯ ನೌಕರರ ಸಾಲು ಬಾಗಿಲಿನ ಹೊರಗೆ ಬಂದಿತ್ತು. ಅವರೆಲ್ಲ ಹಿಂದಿನ ದಿನ ಖಾತೆ ತೆರೆದವರು. ಸಹಿ ಹೋಲಿಸಿ ನೋಡಲು ಅಲ್ಲಿ ಸಹಿಯೇ ತಲುಪಿರಲಿಲ್ಲ.

ಹನ್ನೊಂದೂವರೆಗೆ ಓಡೋಡಿ ಮೆಟ್ಟಿಲು ಹತ್ತುವಾಗ ಪುಂಡಲೀಕ ಎದುರಿನಿಂದ ಇಳಿದು ಬಂದ. ಹನ್ನೆರಡೂ ಆಯ್ತು, ನಿಮ್ಮ ಓಕೆ ಎಲ್ಲ ನಾನೇ ಒತ್ತಿದೆ, ಎಂದು ಹೇಳುತ್ತ ನನ್ನನ್ನು ದಾಟಿ ಹೋದ. ಫೋನು ಹೊರಗೆ, ಗುಂಡಿ ಒಳಗೆ. ಪ್ರತಿ ಶಾಖೆಗೂ ಶೂ ಬಿಚ್ಚಿ ಒಳಗೆ ಹೋಗಿ ಒತ್ತಿ, ಫೋನು ರಿಂಗಾದಾಗ ಹೊರಗೆ ಬಂದು, ಮತ್ತೆ ಒಳಗೆ. ನೋಡಿದವರು ಅವನು ಹತ್ತು ಸಲ ಓಡಾಡಿದನೆಂದರು, ಕೆಲವರು ಇಪ್ಪತ್ತೆಂದರು. ಮಧ್ಯಾಹ್ನ ನೋಡಿದರೆ ಕುರ್ಚಿಯಲ್ಲಿ ಕೂತು ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿಕೊಂಡಿದ್ದ. ಆ ಹೊತ್ತಿಗೇ ಸರಿಯಾಗಿ ಪುರುಷೋತ್ತಮರಾಯರು ಬಂದು ಅವನ ಭುಜ ತಟ್ಟಿದರು. ದಣಿವನ್ನು ಸಾಹೇಬರ ಕಣ್ಣಿಗೆ ಬೀಳುವ ಹಾಗೆ ಚಾಚಿಡುವುದು ಹೇಗೆಂದು ಅವನಿಂದ ಕಲಿಯಬೇಕೆಂದುಕೊಂಡೆ. ಹೊಟ್ಟೆಯೊಳಗೆ ಯಾರೋ ಸಾಸಿವೆ ಒಗ್ಗರಣೆ ಹಾಕಿದ ಹಾಗಿತ್ತು.

ಮುಂದಿನ ಸೋಮವಾರ ಬೆಳಗ್ಗೆ ಎಂದಿನಂತೆ ಶೂ ಕಳಚಿ, ಕುರ್ಚಿಯಲ್ಲಿ ಕುಳಿತು, ತೋರುಬೆರಳನ್ನು ಸಿದ್ಧವಾಗಿಟ್ಟುಕೊಂಡೆ. ಪೆಟ್ಟಿಗೆ ಬರಲಿಲ್ಲ. ಐದು ನಿಮಿಷವಾಯಿತು, ಹತ್ತಾಯಿತು. ಕೆಟ್ಟಿತೆಂದು ಹೆದರಿ ನೋಡಿದರೆ ಸ್ಕ್ರಿಪ್ಟ್ ಆಗಲೇ ಮೂರನೇ ಶಾಖೆಯಲ್ಲಿತ್ತು. ನನ್ನನ್ನು ಕೇಳದೆ. ಗಾಜಿನಾಚೆ ಪುಂಡಲೀಕ ತನ್ನ ಮೇಜಿನ ಹಳೇ ಕಂಪ್ಯೂಟರನ್ನು ಓರೆಗಣ್ಣಿನಲ್ಲಿ ನೋಡುತ್ತ ಫೋನಿನಲ್ಲಿ ಮಾತಾಡುತ್ತಿದ್ದ. ಹೊರಗೆ ಹೋಗಿ ನೋಡಿದೆ. ಆ ಪರದೆಯ ಬಲ ಮೂಲೆಯಲ್ಲಿ ಬಸ್ ಟಿಕೇಟಿನಷ್ಟು ಪುಟ್ಟ ಚೀಟಿಯೊಂದು ಮೂಡಿತು: ಬೇಹಾಲಾ ಮುಗಿಯಿತು. ಐದೆಣಿಸುವಷ್ಟರಲ್ಲಿ ತಾನಾಗಿ ಮಾಯವಾಯಿತು. ಗುಂಡಿಯಿಲ್ಲ, ದಯವಿಟ್ಟು ಇಲ್ಲ, ಸಹಿಯಿಲ್ಲ.

ಅವನು ಮಾಡಿದ್ದು ಇಷ್ಟೇ. ತಿಳಿಸುವ ಕೆಲಸವನ್ನು ದೊಡ್ಡ ಸ್ಕ್ರಿಪ್ಟಿನಿಂದ ಕಿತ್ತು ಬೇರೊಂದು ಪುಟ್ಟ ಸ್ಕ್ರಿಪ್ಟಿಗೆ ಕೊಟ್ಟಿದ್ದ. ದೊಡ್ಡದು ಒಂದು ಶಾಖೆ ಮುಗಿಸಿದ ಕೂಡಲೆ ಪುಟ್ಟದನ್ನು ಕರೆದು, ಹೀಗಂತೆ ಎಂದು ಹೇಳಿಬಾ, ಎಂದು ಕಳಿಸುವುದು. ಕಳಿಸಿದ್ದೇ ತಡ, ಅದು ಹೇಳಿತೋ ಇಲ್ಲವೋ, ಕೇಳುವವರು ಕೇಳಿದರೋ ಇಲ್ಲವೋ ಎಂದು ಹಿಂತಿರುಗಿಯೂ ನೋಡದೆ ಮುಂದಿನ ಶಾಖೆಗೆ ಹೊರಡುವುದು. ಪುಟ್ಟದು ತನ್ನ ಪಾಡಿಗೆ ಚೀಟಿ ತೋರಿಸಿ ತಾನೂ ಕಣ್ಮರೆಯಾಗುವುದು. ಕಂಪ್ಯೂಟರಿಗೆ ಥೇಟ್ ತನ್ನದೇ ನಡಿಗೆ ಕಲಿಸಿಬಿಟ್ಟಿದ್ದ. ಒಂಬತ್ತೂವರೆಗೆ ಹನ್ನೆರಡೂ ಶಾಖೆ ಮುಗಿದು ಹೋಗಿತ್ತು. ನಾನು ಒಳಗೆ ಹೋಗಿ ತಣ್ಣನೆಯ ಕೋಣೆಯಲ್ಲಿ, ಒತ್ತಲು ಏನೂ ಇಲ್ಲದ ಬೆರಳನ್ನು ನೋಡುತ್ತ ಕೂತೆ. ಆ ದಿನದಿಂದ ಒಬ್ಬ ಮ್ಯಾನೇಜರನೂ ನನಗೆ ಫೋನು ಮಾಡಿ, ಬಾಲಕೃಷ್ಣ ಅವರೇ, ನಮ್ಮದು ಯಾವಾಗ, ಎಂದು ಕೇಳಲಿಲ್ಲ.

ಮನೆಗೆ ಹೋಗಿ ಇಂದುಮತಿಯೆದುರು ದುಃಖ ತೋಡಿಕೊಂಡೆ. ಉತ್ತರವನ್ನೇ ಕೇಳದೆ ಹೋಗುವುದು ಸೊಕ್ಕಲ್ಲವೇ ಎಂದೆ. ಅವಳು ಬದನೆಕಾಯಿ ಹೆಚ್ಚುತ್ತಿದ್ದಳು.

“ನೀವು ಒಂದು ವಿಷಯ ಹೇಳೋಕೆ ಮೊದಲು ನಿಲ್ತೀರಿ, ಆಮೇಲೆ ಕೂರ್ತೀರಿ, ಆಮೇಲೆ ಕಾಫಿ ಕೇಳ್ತೀರಿ. ಅದು ಮುಗಿಯೋವರೆಗೂ ನನ್ನ ಕೈ ಕೆಲಸ ನಿಂತಿರ್ಬೇಕು. ಆ ಗುಲಾಬಿ ಪುಣ್ಯವಂತೆ ಕಣ್ರೀ.”

ಗುಲಾಬಿ ಎಂದರೆ ಪುಂಡಲೀಕನ ಹೆಂಡತಿ. ಲೇಕ್ ಮಾರ್ಕೆಟಿನ ಹತ್ತಿರ ಅವರ ಮನೆ. ಗಂಡ ಮನೆಗೆ ಬಂದ ಕೂಡಲೆ ಬಿಸಿನೀರಿಗೆ ಉಪ್ಪು ಹಾಕಿ ಕಾಲು ಮುಳುಗಿಸಲು ಕೊಡುತ್ತಾಳಂತೆ ಎಂಬ ಮಾತನ್ನೂ ಇಂದುಮತಿ ಅವತ್ತೇ ತಿಳಿಸಿದಳು. ಹೊಟ್ಟೆಕಿಚ್ಚಿಗೆ ಇನ್ನೊಂದು ಸೌದೆ. ನನ್ನ ಕಾಲಿಗೆ ಮನೆಯಲ್ಲಿ ಎಂದೂ ಉಪ್ಪುನೀರಿನ ಉಪಚಾರವಾಗಿರಲಿಲ್ಲ.

ನಾನು ಸುಮ್ಮನಿರಲಿಲ್ಲ. ಪುರುಷೋತ್ತಮರಾಯರ ಬಳಿ ಹೋಗಿ ಗಂಭೀರವಾದ ಆಕ್ಷೇಪಣೆ ಸಲ್ಲಿಸಿದೆ. ಚೀಟಿ ಬಂದು ಹೋಗುವಾಗ ಯಾರೂ ನೋಡದಿದ್ದರೆ? ಓಕೆ ಎಂದರೆ ಜವಾಬ್ದಾರಿ, ಒಬ್ಬ ಅಧಿಕಾರಿಯ ಬೆರಳಿಲ್ಲದೆ ಬ್ಯಾಂಕಿನ ಕೆಲಸ ಮುಂದೆ ಹೋಗುವುದು ಸರಿಯೇ? ಅವರು ಎಲ್ಲ ಕೇಳಿ, ಗುರುವಾರ ಬೆಳಗ್ಗೆ ತಾವೇ ಬಂದು ನಿಂತು ನೋಡುತ್ತೇನೆ, ಯಾವುದು ಸರಿಯೋ ಅದನ್ನು ಬರೆದವರ ಹೆಸರನ್ನೇ ಹೆಡ್ ಆಫೀಸಿಗೆ ಕಳಿಸುತ್ತೇನೆ ಎಂದರು. ಕುರ್ಚಿಯ ಹಣೆಬರಹ ಗುರುವಾರಕ್ಕೆ ನಿಂತಿತು.

ಬುಧವಾರ ಸಂಜೆ ಐದು ಗಂಟೆಗೆ, ನಿರ್ಮಲೇಂದುಬಾಬು ಕೆಳಗೆ ಗೇಟ್ ಮೀಟಿಂಗಿನಲ್ಲಿ ಘೋಷಣೆ ಕೂಗಿಸುತ್ತಿದ್ದಾಗ, ನಾನು ಗಾಜಿನ ಕೋಣೆಗೆ ಹೋದೆ. ಚರಿತ್ರೆಯ ದೊಡ್ಡ ದೊಡ್ಡ ಕುತಂತ್ರಗಳನ್ನು ಬೂಟು ಹಾಕಿಕೊಂಡವರು ನಡೆಸಿದ್ದಾರೆ. ನನ್ನದು ಕಾಲುಚೀಲದಲ್ಲಿ ನಡೆಯಿತು. ಪುಂಡಲೀಕನ ಸ್ಕ್ರಿಪ್ಟ್ ತೆರೆದು, ಐದನೇ ಶಾಖೆಯ ನಂತರದ ಜಾಗದಲ್ಲಿ, ನನ್ನ ಹಳೆಯದರಿಂದ ಒಂದು ಪೆಟ್ಟಿಗೆಯ ಸಾಲುಗಳನ್ನು ಎತ್ತಿ ಹಾಗೇ ಕೂರಿಸಿದೆ. ಅದು ಒಳಗಿನ ಪರದೆಯಲ್ಲಿ ಮೂಡುತ್ತದೆ. ಹೊರಗಿನವರಿಗೆ ಕಾಣುವುದಿಲ್ಲ. ಅವರಿಗೆ ಕಾಣುವುದು, ಪುಂಡಲೀಕನ ನಿಲ್ಲದ ಸ್ಕ್ರಿಪ್ಟ್ ಐದಕ್ಕೇ ನಿಂತುಹೋಯಿತೆಂಬುದು ಮಾತ್ರ. ಮನೆಗೆ ಹೋಗಿ ಎರಡು ಚಪಾತಿ ಹೆಚ್ಚು ತಿಂದೆ.

ಗುರುವಾರ ಪುರುಷೋತ್ತಮರಾಯರು ಪುಂಡಲೀಕನ ಮೇಜಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು. ನಾನು ಅವರ ಹಿಂದೆ ನಿಂತು ಮುಖದಲ್ಲಿ ಕಾಳಜಿಯನ್ನು ತಂದುಕೊಂಡೆ. ಚೀಟಿಗಳು ಒಂದೊಂದಾಗಿ ಮೂಡಿ ಮಾಯವಾದವು. ಸಾಹೇಬರಿಗೆ ಮಕ್ಕಳಷ್ಟು ಖುಷಿ, ಪ್ರತಿ ಚೀಟಿಗೂ ತಲೆದೂಗುವರು. ಐದನೆಯದು ಹೋಯಿತು. ಆರನೆಯದು ಬರಲಿಲ್ಲ. ಹತ್ತು ನಿಮಿಷ ಕಳೆಯಿತು. ಫೋನು ರಿಂಗಾಗತೊಡಗಿತು, ಗಾರ್ಡನ್ ರೀಚ್. ಸಾಹೇಬರು ವಾಚು ನೋಡಿಕೊಂಡರು. ಇಂಥ ತೊಂದರೆಗೇ ನಾನು ಹೆದರಿದ್ದು ಎಂದು ನಾನು ಬಹಳ ನೊಂದವನಂತೆ ಹೇಳಿದೆ.

ಪುಂಡಲೀಕ ಎದ್ದು ಹೋಗಿ ಗಾಜಿನ ಬಾಗಿಲ ಬಳಿ ಕ್ಯಾನ್ವಾಸ್ ಶೂ ಬಿಚ್ಚಿದ. ಬಾಗಿಲ ಚೌಕಟ್ಟು ಹಿಡಿದು ಒಂದು ಕ್ಷಣ ತಡೆದ, ಮುಖ ಹಿಂಡಿದ. ಅಭಿನಯವೂ ಬರುತ್ತದಲ್ಲ ಇವನಿಗೆ ಎಂದುಕೊಂಡೆ. ತುದಿಗಾಲಿನಲ್ಲಿ ಒಳಗೆ ಹೋದ. ಪರದೆಯ ಮುಂದೆ ಬಗ್ಗಿದ. ಬೆನ್ನು ನನ್ನ ಕಡೆಗಿತ್ತು.

ಆಗ ನನಗೆ ನೆನಪಾಯಿತು. ಸಾಲುಗಳನ್ನು ಹಾಗೇ ಎತ್ತಿ ಹಾಕಿದ್ದೆ. ಹಾಗೇ ಎಂದರೆ, ದಯವಿಟ್ಟು ಸಮೇತ, ಹುದ್ದೆ ಸಮೇತ, ಬಿ. ಬಾಲಕೃಷ್ಣ, ಅಧಿಕಾರಿ, ಎಂಬುದರ ಸಮೇತ. ಲೋಕದಲ್ಲಿ ಸಹಿ ಮಾಡಿ ಕಳ್ಳತನಕ್ಕೆ ಹೊರಟವನು ಬ್ಯಾಂಕಿನವನೇ ಆಗಿರಬೇಕು.

ಅವನು ಗಾಜಿನಾಚೆಯಿಂದ ಸಾಹೇಬರನ್ನು ಕರೆದರೆ ಸಾಕಿತ್ತು. ಕುರ್ಚಿ ಅವನದು, ನನಗೆ ಯಾವುದಾದರೂ ದೂರದ ಶಾಖೆಯ ದಾರಿ. ನನ್ನ ಕಾಲುಚೀಲದೊಳಗೆ ಬೆವರಿತು. ಪುಂಡಲೀಕ ಏನೋ ಒತ್ತಿದ, ಇನ್ನೇನೋ ಟೈಪು ಮಾಡಿದ, ಹೊರಗೆ ಬಂದು ಶೂ ತೊಟ್ಟ. ಅಷ್ಟರಲ್ಲಿ ಮೂಲೆಯಲ್ಲಿ ಆರನೆಯ ಚೀಟಿ ಮೂಡಿತು. ಏನಾಗಿತ್ತೆಂದು ಸಾಹೇಬರು ಕೇಳಿದರು. ಹಳೇದೊಂದು ಪೆಟ್ಟಿಗೆ ಉಳಿದಿತ್ತು ಸಾರ್, ನಾನು ನೋಡ್ಲಿಲ್ಲ, ತೆಗ್ದೆ, ಎನ್ನುತ್ತ ಅವನು ನೀರು ಕುಡಿಯಲು ಹೊರಟೇಬಿಟ್ಟ. ದಾರಿಯಲ್ಲಿ ನನ್ನ ಪಕ್ಕ ಹಾದಾಗ ದನಿ ತಗ್ಗಿಸಿದ, ನಡಿಗೆ ತಗ್ಗಿಸಲಿಲ್ಲ.

“ಇನ್ನೊಮ್ಮೆ ಹಾಕುದಾದ್ರೆ ಸಹಿ ಬೇಡ ಮಾರಾಯ್ರೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೊಟ್ಟೆಕಿಚ್ಚು ಪಡುವವನಿಗೆ ಎದುರಾಳಿ ಕೊಡಬಹುದಾದ ಅತಿ ಕಠಿಣ ಶಿಕ್ಷೆಯೆಂದರೆ ದೊಡ್ಡತನ. ಅವನ ಸ್ಕ್ರಿಪ್ಟಿನ ಮೇಲೆ, ಅವನ ನಡಿಗೆಯ ಮೇಲೆ, ಅವನ ಉಪ್ಪುನೀರಿನ ಮೇಲೆ ನನಗಿದ್ದ ಹೊಟ್ಟೆಕಿಚ್ಚೆಲ್ಲ ಅವತ್ತು ಒಂದಾಗಿ ಅವನ ಒಳ್ಳೆಯತನದ ಮೇಲೆ ಬಿತ್ತು. ಅಷ್ಟು ಒಳ್ಳೆಯವನಾಗಿರಲು ಅವನಿಗೆ ಯಾರು ಪರವಾನಗಿ ಕೊಟ್ಟವರು?

ಮಹಾಲಯದ ಹಿಂದಿನ ವಾರ ಪುರುಷೋತ್ತಮರಾಯರು ಇಬ್ಬರನ್ನೂ ಕೋಣೆಗೆ ಕರೆದರು. ನಾನು ಕೂತೆ. ಪುಂಡಲೀಕ ಕಡತವೊಂದನ್ನು ಹಿಡಿದುಕೊಂಡು ಬಾಗಿಲಿನಲ್ಲಿ ಕಾಣಿಸಿಕೊಂಡ. ಕಂಪ್ಯೂಟರ್ ಅಧಿಕಾರಿಯ ಹುದ್ದೆಗೆ ಪ್ರಭುಗಳ ಹೆಸರು ಬರೆಯುತ್ತಿದ್ದೇನೆ, ಗಾಜಿನ ಕೋಣೆ ಇನ್ನು ಅವರದು, ಎಂದರು ಸಾಹೇಬರು. ನಾನು ಆಗಲೇ ಅಭಿನಂದನೆಯ ಮುಖ ಮಾಡಿಕೊಂಡು ಕೂತಿದ್ದೆ, ಅದು ಹಲ್ಲುನೋವಿನ ಮುಖದಂತಿತ್ತೆಂದು ಕಾಣುತ್ತದೆ, ಸಾಹೇಬರು ನೀರು ಬೇಕೇ ಎಂದು ಕೇಳಿದರು. ಪುಂಡಲೀಕ ಕಡತವನ್ನು ಮೇಜಿನ ಮೇಲಿಟ್ಟು, ನನಗೆ ಬೇಡ ಸಾರ್, ಬಾಲಕೃಷ್ಣರಿಗೆ ಆ ರೂಮು ಅಭ್ಯಾಸ ಉಂಟು, ಎಂದ. ಸಾಹೇಬರು ಯಾಕೆಂದು ಕೇಳುವಾಗ ಅವನ ಬೆನ್ನು ಕಾರಿಡಾರಿನಲ್ಲಿತ್ತು.

ಕುರ್ಚಿ ನನಗೆ ಬಂತು. ಅದೇ ಕುರ್ಚಿ, ನನ್ನ ಮೊಣಕಾಲಿನ ಎತ್ತರಕ್ಕೇ ಇದ್ದದ್ದು. ಕೂತರೆ ಮುಳ್ಳು. ಗೆದ್ದಿದ್ದರೆ ಮೆರೆಯಬಹುದಿತ್ತು, ಸೋತಿದ್ದರೆ ಬೈಯಬಹುದಿತ್ತು. ಎತ್ತಿ ಕೊಟ್ಟದ್ದನ್ನು ಏನು ಮಾಡುವುದು? ರಾಜ್ಯವನ್ನೇ ಒದ್ದು ಹೋದ ಮಹಾಪುರುಷರ ಕತೆಗಳನ್ನು ಚಿಕ್ಕಂದಿನಿಂದ ಕೇಳಿದ್ದೆ. ಒದೆಸಿಕೊಂಡ ರಾಜ್ಯದಲ್ಲಿ ಆಮೇಲೆ ಕೂತವನ ಅವಸ್ಥೆಯನ್ನು ಯಾರೂ ಹೇಳಿರಲಿಲ್ಲ. ಕಚೇರಿಯಲ್ಲಿ ದಂತಕತೆ ಇನ್ನೊಂದು ಮಹಡಿ ಏರಿತು. ನಿರ್ಮಲೇಂದುಬಾಬು ಗೇಟ್ ಮೀಟಿಂಗಿನಲ್ಲಿ, ಅಧಿಕಾರವನ್ನು ತ್ಯಜಿಸಿದ ಕಾಮ್ರೇಡ್ ಪ್ರಭು ಎಂದು ಭಾಷಣ ಮಾಡಿದರು. ಅದನ್ನು ಕೇಳಲು ಎಲ್ಲರೂ ಕೆಲಸ ನಿಲ್ಲಿಸಿದರು. ಪ್ರಭು ಮಾತ್ರ ಆ ಗುಂಪಿನ ಅಂಚಿನಲ್ಲೇ ಹಾದು ಟ್ರಾಮ್ ಹಿಡಿಯಲು ಹೋದ.

ನನಗೆ ತಡೆಯಲಾಗಲಿಲ್ಲ. ದುರ್ಗಾಪೂಜೆಯ ಪಂಚಮಿಯ ಸಂಜೆ ಅವಕಾಶ ಸಿಕ್ಕಿತು. ಗರಿಯಾಹಾಟ್ ಫುಟ್‌ಪಾತಿನಲ್ಲಿ ಪೂಜೆಯ ಖರೀದಿಯ ಜನ, ಎಳ್ಳು ಹಾಕಿದರೆ ನೆಲಕ್ಕೆ ಬೀಳುತ್ತಿರಲಿಲ್ಲ. ಚಪ್ಪಲಿ ಅಂಗಡಿಯೊಂದರ ಮುಂದೆ ಪುಂಡಲೀಕ ಕ್ಯಾನ್ವಾಸ್ ಶೂ ಒಂದರೊಳಗೆ ಕೈ ಹಾಕಿ ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದ. ನನ್ನನ್ನು ಕಂಡವನೇ, ರಶ್ ಉಂಟು, ಎಂದು ಹೊರಟ. ಎಡಕ್ಕೆ ಸೀರೆಗಳ ರಾಶಿ, ಬಲಕ್ಕೆ ಆಟೋಗಳ ಸಾಲು, ಹಿಂದೆ ಒಂದು ಇಡೀ ಸಂಸಾರ, ಮುಂದೆ ನಾನು. ಜೀವನದಲ್ಲಿ ಮೊದಲ ಸಲ ಪುಂಡಲೀಕ ಪ್ರಭು ಒಬ್ಬರ ಮಾತಿಗೆ ನಿಂತ. ನಾನು ಅವನ ಕೈ ಹಿಡಿದುಕೊಂಡೆ.

ಮೂರು ತಿಂಗಳಿನಿಂದ ಕಟ್ಟಿಟ್ಟದ್ದೆಲ್ಲ ಹೊರಬಂತು. ತಪ್ಪೊಪ್ಪಿಕೊಂಡೆ, ಹೊಟ್ಟೆಕಿಚ್ಚಿನ ವಿಚಾರ ಹೇಳಿದೆ, ಪುರಾಣದ ಪುಂಡಲೀಕನನ್ನೂ ನಾರದನನ್ನೂ ಎಳೆದು ತಂದೆ.

“ನೀವು ಸನ್ಯಾಸಿಯೋ, ಭಾರೀ ಲೆಕ್ಕಾಚಾರದ ಮನುಷ್ಯನೋ, ಇವತ್ತು ಹೇಳಿಯೇ ಹೋಗಬೇಕು ಪ್ರಭುಗಳೇ. ಯಾರಿಗೂ ನಿಲ್ಲೋದಿಲ್ಲ, ಉತ್ತರಕ್ಕೆ ಕಾಯೋದಿಲ್ಲ. ಬರೆದ ಸ್ಕ್ರಿಪ್ಟೂ ನಿಲ್ಲೋದಿಲ್ಲ. ಕೈಗೆ ಬಂದ ಕುರ್ಚೀನೂ ಬಿಟ್ಟು ನಡೆದ್ರಿ. ಇದನ್ನೆಲ್ಲ ಎಲ್ಲಿ ಕಲಿತ್ರಿ?”

ಅವನು ಎಡಗಾಲಿನಿಂದ ಬಲಗಾಲಿಗೆ, ಬಲಗಾಲಿನಿಂದ ಎಡಗಾಲಿಗೆ ಭಾರ ಬದಲಿಸಿದ. ನನ್ನ ಕೈಯನ್ನು ಮೆಲ್ಲನೆ ಬಿಡಿಸಿಕೊಂಡ. ಎದುರಿನ ಜನರ ನಡುವೆ ಒಂದು ಸಂದು ಕಂಡಿತ್ತು.

“ಹಿಮ್ಮಡಿ ನೋವು ಮಾರಾಯ್ರೆ,” ಎಂದ ಹೊರಡುತ್ತ. “ನಡೆದ್ರೆ ಅಡ್ಡಿಲ್ಲ, ನಿಂತ್ರೆ ಆಗುದಿಲ್ಲ. ನಿಮ್ಮ ಆ ರೂಮಿನ ನೆಲ ಬೇರೆ, ಬರಿಗಾಲಿಗೆ ಭಾರೀ ತಂಪು.”